ಹಿರಿಯರಿಗೆ ಎಲೆ ಹಾಕುವ ಮನೆ

ಕಕ್ಕಡ ತಿಂಗಳ ಮಳೆ ಹಿಡಿದ ಮೇಲೆ ಕೊಡಗಿನ ಪೊನ್ನಂಪೇಟೆ ಕಡೆ ಹೋದ ಕರೆಂಟು ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ದೆವ್ವದ ಮನೆಯ ಕಥೆ ಓದಲು ಒಳ್ಳೆಯ ಕಾಲ. ತೋಟದ ನಡುವಿನ ಒಂಟಿ ಮನೆ, ಹಳೆಯ ಮರದ ಕಂಬ, ಪಾಚಿಗಟ್ಟಿದ ಮೆಟ್ಟಿಲು, ಕಥೆಗೆ ಬೇಕಾದ್ದೆಲ್ಲ ಕಣ್ಣೆದುರಿಗೇ ಇದೆ. ಆದರೂ ಪಶ್ಚಿಮದ ಹಳೆಯ ದೆವ್ವದ ಕಥೆಗಳು ಕೊಡಗಿಗೆ ಬಂದು ಒಂದು ಕಡೆ ಎಡವುತ್ತವೆ. ಸತ್ತವರು ಇನ್ನೂ ಮನೆಯಲ್ಲಿದ್ದಾರೆ ಎಂಬುದೇ ಅಲ್ಲಿ ಭಯದ ಮೂಲ. ಇಲ್ಲಿನ ಐನ್‌ಮನೆಯಲ್ಲಿ ಅವರು ಇಲ್ಲವೆಂದಾದರೆ ಅದೇ ದೊಡ್ಡ ಗಾಬರಿ.

ಐನ್‌ಮನೆ ಎಂದರೆ ಒಕ್ಕದ, ಅಂದರೆ ಕೊಡವ ಮನೆತನದ, ಮೂಲಮನೆ. ಅದರ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ. ಅಂಗಳದಾಚೆ ತೀರಿಕೊಂಡ ಹಿರಿಯರಿಗೆಂದು ಪುಟ್ಟ ಗುಡಿ, ಕೈಮಡ. ಹಬ್ಬ ಬಂತೆಂದರೆ ಒಕ್ಕದ ಮೂಲಪುರುಷ ಗುರುಕಾರೋಣನಿಗೂ ಅವನ ನಂತರದ ಹಿರಿಯರಾದ ಕಾರೋಣರಿಗೂ ಮೀದಿ, ಅಂದರೆ ಎಡೆ, ಇಡಬೇಕು. ಅವರು ಬದುಕಿದ್ದಾಗ ಇಷ್ಟಪಟ್ಟ ಅನ್ನ, ಮಾಂಸ, ಮದ್ಯವೇ ಎಲೆಗೆ ಬೀಳುತ್ತದೆ. ಹಿರಿಯರ ಕೋಲವಾದ ಕಾರೋಣ ತೆರೆ ಕಟ್ಟಿಸುವ ಒಕ್ಕಗಳಲ್ಲಿ ಹಿರಿಯ ತೆರೆ ಕಟ್ಟಿದವನ ಮೈಮೇಲೆ ಬಂದು ಮಾತಾಡುತ್ತಾನೆ, ಗದರುತ್ತಾನೆ, ಮಕ್ಕಳು ಮೊಮ್ಮಕ್ಕಳು ಕೈಮುಗಿದು ಕೇಳುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪ 1924ರ ‘ಪಟ್ಟೋಲೆ ಪಳಮೆ’ಯಲ್ಲಿ ಕೊಡವರ ಇಂಥ ಪದ್ಧತಿಗಳನ್ನು, ಹಾಡುಗಳನ್ನು ಬರೆದಿಟ್ಟರು. ಹೊರಗಿನವರಿಗೆ ಇದು ಮೂಢನಂಬಿಕೆಯಂತೆ ಕಂಡೀತು. ಆದರೆ ಸತ್ತವರ ದೂರನ್ನೂ ಕೇಳಲು ಒಂದು ಹೊತ್ತು, ಒಂದು ಜಾಗ ಗೊತ್ತುಮಾಡಿದ ವ್ಯವಸ್ಥೆ ಇದು ಎಂದೇ ನಾನು ತಿಳಿದಿದ್ದೇನೆ.

ಎಡ್ಗರ್ ಅಲನ್ ಪೋ 1839ರಲ್ಲಿ ಬರೆದ ಅಷರ್ ಮನೆತನದ ಕಥೆಯಲ್ಲಿ ಇಲ್ಲದಿರುವುದು ಈ ವ್ಯವಸ್ಥೆಯೇ. ಕಾಯಿಲೆಯ ತಂಗಿ ತೀರಿಕೊಂಡಳೆಂದು ಅಣ್ಣ ಅವಳನ್ನು ಮನೆಯ ನೆಲಮಾಳಿಗೆಯಲ್ಲಿ ಇಡುತ್ತಾನೆ. ಅವಳಿಗೆ ಇನ್ನೂ ಜೀವವಿರುತ್ತದೆ. ಕೊನೆಗೆ ಅವಳು ಎದ್ದು ಬರುವುದು, ಮನೆ ಸೀಳಿ ಕೆರೆಯ ಪಾಲಾಗುವುದು ಎಲ್ಲರಿಗೂ ನೆನಪಿರುತ್ತದೆ. ನನ್ನನ್ನು ಕಾಡುವುದು ಅದಕ್ಕೂ ಮೊದಲಿನ ಸಂಗತಿ. ಒಳಗಿನಿಂದ ಬರುವ ಸದ್ದು ಅಣ್ಣನಿಗೆ ದಿನಗಟ್ಟಲೆ ಕೇಳಿಸಿತ್ತು, ಅವನು ಬಾಯಿಬಿಡಲಿಲ್ಲ. ಆ ಮನೆಗೆ ದೆವ್ವ ಹೊಕ್ಕದ್ದು ಆ ಮೌನದ ದಿನಗಳಲ್ಲಿ.

ಒಳ್ಳೆಯ ದೆವ್ವದ ಕಥೆಗಳೆಲ್ಲ ಈ ಮೌನವನ್ನೇ ತಡಕುತ್ತವೆ. 2004ರಲ್ಲಿ ‘ಆಪ್ತಮಿತ್ರ’ ಸಿನಿಮಾ ನೋಡಲು ಜನ ಮುಗಿಬಿದ್ದಾಗ ಅವರ ಮನಸ್ಸು ಯಾರ ಕಡೆಗಿತ್ತು? ಕಥೆಯೊಳಗಿನ ಕ್ರೂರ ರಾಜನ ಕಡೆಗಂತೂ ಅಲ್ಲ. ಪ್ರೀತಿಸಿದವನನ್ನು ಕಳೆದುಕೊಂಡು ತಾನೂ ಸತ್ತ ನರ್ತಕಿ ನಾಗವಲ್ಲಿಯ ಕಡೆಗಿತ್ತು. ಹೆದರುತ್ತಲೇ ನಾವು ಅವಳ ಪರ ನಿಂತೆವು. ತುಳುನಾಡಿನ ಶಿಲ್ಪಿ ಕಲ್ಕುಡನ ಕಥೆ ಇನ್ನೂ ನೇರ. 1432ರಲ್ಲಿ ಕಾರ್ಕಳದಲ್ಲಿ ಗೊಮ್ಮಟ ನಿಂತಿತು. ಅಂಥ ಕೆಲಸ ಇನ್ನೆಲ್ಲೂ ಆಗಬಾರದೆಂದು ಅರಸ ಅದನ್ನು ಕಡೆದ ಕಲ್ಕುಡನ ಒಂದು ಕೈ, ಒಂದು ಕಾಲು ಕಡಿಸಿದನೆಂದು ತುಳುವಿನ ಹಾಡುಗಥೆಯಾದ ಪಾಡ್ದನ ಹೇಳುತ್ತದೆ. ಅವನೂ ಅವನ ಪರ ಕೆರಳಿದ ತಂಗಿ ಕಲ್ಲುರ್ಟಿಯೂ ದೈವಗಳಾದರು. ಇಂದಿಗೂ ಭೂತಕೋಲದಲ್ಲಿ ಅವರು ನುಡಿಯುತ್ತಾರೆ, ಜನ ತಮ್ಮ ದೂರುಗಳನ್ನು ಅವರ ಮುಂದಿಡುತ್ತಾರೆ. ಅನ್ಯಾಯಕ್ಕೊಳಗಾದವನ ಮಾತು ಅವನ ಜೊತೆಗೇ ಮಣ್ಣಾಗುವುದಿಲ್ಲ ಎಂಬ ಭರವಸೆಗಾಗಿಯೇ ನಾವು ಈ ಕಥೆಗಳ ಹತ್ತಿರ ಮತ್ತೆ ಮತ್ತೆ ಹೋಗುತ್ತೇವೆ. ಕೋರ್ಟು ಕಚೇರಿಗಳಲ್ಲಿ ಆ ಭರವಸೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಹಾಗಾದರೆ ಕೈಮಡವಿರುವ ನಾಡಿನಲ್ಲಿ ಕಾಡುವವರು ಯಾರೂ ಇಲ್ಲವೇ? ಇದ್ದಾರೆ. ಕೈಮಡ ಒಕ್ಕದವರಿಗೆ. ಗದ್ದೆ ಉತ್ತವರಿಗೆ, ಕಾಫಿ ಕುಯ್ದವರಿಗೆ ಅಲ್ಲಿ ಎಲೆಯಿಲ್ಲ. ಹಿಂದೆ ಗದ್ದೆ ಕೈಬದಲಾದಾಗ ಅದರಲ್ಲಿ ದುಡಿಯುವ ಎರವ ಸಮುದಾಯದವರೂ ಗದ್ದೆಯ ಜೊತೆಗೇ ಕೈಬದಲಾಗುತ್ತಿದ್ದ ಕಾಲವೊಂದಿತ್ತು. ತೋಟದ ಕೂಲಿಯವರ ಲೈನ್‌ಮನೆಗಳಲ್ಲಿ ಹುಟ್ಟಿ ಲೈನ್‌ಮನೆಗಳಲ್ಲೇ ಸತ್ತ ಎಷ್ಟೋ ತಲೆಮಾರುಗಳ ಹೆಸರು ಯಾವ ದೀಪದ ಮುಂದೆಯೂ ಕೇಳಿಬರುವುದಿಲ್ಲ. ಅಮೆರಿಕದ ಟೋನಿ ಮಾರಿಸನ್ ಇಂಥದೇ ಲೆಕ್ಕ ತೆಗೆದು 1987ರಲ್ಲಿ ‘ಬಿಲವೆಡ್’ ಕಾದಂಬರಿ ಬರೆದರು. ಗುಲಾಮಗಿರಿಗೆ ಒಪ್ಪಿಸಲಾರದೆ ತಾಯಿಯೇ ಕೊಂದ ಮಗು ಅವಳ ಮನೆಯಲ್ಲೇ ಕಾಡುತ್ತದೆ. 1856ರಲ್ಲಿ ನಿಜವಾಗಿ ನಡೆದ ಘಟನೆ ಅದರ ಹಿಂದಿದೆ. ನಮ್ಮ ತೋಟದ ಲೈನ್‌ಮನೆಗಳಿಗೂ ಅಂಥ ಕಾದಂಬರಿಯೊಂದು ಬೇಕು. ಅದನ್ನು ಅಲ್ಲಿ ಹುಟ್ಟಿದವರೇ ಬರೆಯಬೇಕು.

2025ರ ಮೇ ತಿಂಗಳಲ್ಲಿ ಜೇನುಕುರುಬ ಆದಿವಾಸಿಗಳ ಐವತ್ತಕ್ಕೂ ಹೆಚ್ಚು ಕುಟುಂಬಗಳು ನಾಗರಹೊಳೆ ಕಾಡಿನೊಳಗೆ, ಕರಡಿಕಲ್ಲು ಅತ್ತೂರುಕೊಲ್ಲಿಗೆ ಮರಳಿ ಗುಡಿಸಲು ಹಾಕಲು ಹೊರಟವು. ದಶಕಗಳ ಹಿಂದೆ ತಮ್ಮನ್ನು ಎಬ್ಬಿಸಿ ಕಳಿಸಿದ ನೆಲ ಅದು, ತಮ್ಮ ದೇವರುಗಳೂ ಹಿರಿಯರ ಸಮಾಧಿಗಳೂ ಅಲ್ಲೇ ಇವೆ ಎಂದರು. ಅರಣ್ಯ ಇಲಾಖೆ ಒಪ್ಪಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಮಾತ್ರ ಆ ಕುಟುಂಬಗಳ ಕೈಯಲ್ಲಿತ್ತು. ಆ ಸುದ್ದಿ ಓದಿದಾಗ ನನಗೆ ಸದ್ದು ಕೇಳಿಸಿಯೂ ಬಾಯಿಬಿಡದ ಅಷರ್ ಮನೆಯ ಅಣ್ಣ ನೆನಪಾದ. ಕೈಮಡದಲ್ಲಿ ಎಲೆ ಹಾಕಲು ಯಾವ ಒಕ್ಕವೂ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಅದೇ ಸೀಮೆಯ ಕಾಡಂಚಿನ ಆದಿವಾಸಿ ಹಾಡಿಗಳಲ್ಲಿರುವವರು ತಮ್ಮ ಹಿರಿಯರು ಮಲಗಿರುವ ನೆಲಕ್ಕಾಗಿ ಅರ್ಜಿ ಬರೆದು ವರ್ಷಗಟ್ಟಲೆ ಕಾದಿದ್ದಾರೆ.