ಪೊರಕೆ ಒರಗಿಸಿದ ಕೈ

ಬೆಂಗಳೂರಿನ ಮಾವಳ್ಳಿಯ ಬೆಳಗು ಮೊದಲು ಕಿವಿಗೆ ಬರುತ್ತದೆ, ಆಮೇಲೆ ಮೂಗಿಗೆ. ಕಣ್ಣಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಕತ್ತಲು ಇನ್ನೂ ಹೊಂಗೆಯ ಕೊಂಬೆಗಳಲ್ಲಿ ತೊಡರಿಕೊಂಡಿರುವಾಗಲೇ ಕಡ್ಡಿಪೊರಕೆಯ ಸದ್ದು ಬೀದಿಯ ಆ ತುದಿಯಿಂದ ಹೊರಟು, ಮುಚ್ಚಿದ ಅಂಗಡಿಗಳ ಕಬ್ಬಿಣದ ಬಾಗಿಲುಗಳನ್ನು ಸವರಿ, ಒಣಗಿದ ಎಲೆಗಳನ್ನು ಎಬ್ಬಿಸಿಕೊಂಡು ಈ ತುದಿಗೆ ಬರುತ್ತದೆ. ಅದರ ಹಿಂದೆಯೇ ಯಾರದೋ ಬಾಗಿಲಿಗೆ ಎರಚಿದ ನೀರು, ನೆನೆದ ನೆಲದಿಂದ ಏಳುವ ತಂಪು, ಬೆರಳಸಂದಿಯಿಂದ ಜಾರುವ ರಂಗೋಲಿ ಪುಡಿಯ ಸದ್ದಿಲ್ಲದ ಬಿಳುಪು, ಎಲ್ಲಿಂದಲೋ ತೇಲಿ ಬರುವ ಕಾಫಿ ಡಿಕಾಕ್ಷನ್ನಿನ ಘಮ. 1924ರಲ್ಲಿ ಮಯ್ಯ ಸೋದರರು ಆರಂಭಿಸಿದ ಹೋಟೆಲು ಎಂ.ಟಿ.ಆರ್. ಎಂಬ ಹೆಸರಲ್ಲಿ ಲೋಕವನ್ನೆಲ್ಲ ಸುತ್ತಿದೆ. ಮಾವಳ್ಳಿ ಮಾತ್ರ ಆ ಮೂರಕ್ಷರದ ಮೊದಲನೆಯದರೊಳಗೆ ಅಡಗಿ, ತಿಂಡಿ ತಿಂದು ಹೋಗುವವರಲ್ಲಿ ಯಾರಾದರೂ ತನ್ನನ್ನು ನೆನೆದರೋ ಇಲ್ಲವೋ ಎಂಬ ಗೊಡವೆಯಿಲ್ಲದೆ ಕೂತಿದೆ.

ಗುಡಿಸುವ ಹೆಂಗಸು ರಂಗೋಲಿಯ ಹತ್ತಿರ ಬಂದಾಗ ಪೊರಕೆಯ ಲಯ ಬದಲಾಗುತ್ತದೆ. ಅಷ್ಟು ಹೊತ್ತು ಬೀಸುಬೀಸಾಗಿ ಬರುತ್ತಿದ್ದದ್ದು ಅಲ್ಲಿ ಮೆತ್ತಗಾಗಿ, ಚಿಕ್ಕದಾಗಿ, ಬಿಳಿಯ ಎಳೆಗಳ ಅಂಚಿಗೆ ತಾಕದೆ ಸುತ್ತಿಕೊಂಡು ಮುಂದೆ ಹೋಗುತ್ತದೆ. ಪೌರಕಾರ್ಮಿಕರ ದುಡಿಮೆಯನ್ನು ಸೇವೆ ಎಂದು ಕರೆದು ಕೈಮುಗಿದು, ಸಂಬಳದ ಮಾತು ಬಂದಾಗ ಮುಖ ತಿರುಗಿಸುವುದು ನಮ್ಮ ಹಳೆಯ ಜಾಣತನ. ಆ ಜಾಣತನ ನನಗೆ ಬೇಡ. ಅವಳದು ದುಡಿಮೆ, ಅದಕ್ಕೆ ಪೂರ್ತಿ ಕೂಲಿ ಸಲ್ಲಬೇಕು, ಗೌರವವೂ ಸಲ್ಲಬೇಕು. ಆದರೆ ರಂಗೋಲಿಯ ಅಂಚಿನಲ್ಲಿ ಕೈ ಮೆತ್ತಗಾಯಿತಲ್ಲ, ಆ ಒಂದು ಗಳಿಗೆ ಯಾವ ಹಾಜರಿ ಪುಸ್ತಕದಲ್ಲಿ ಬರೆಯುವಂಥದ್ದು? ಯಾರೂ ಕೇಳದೆ, ಯಾರೂ ನೋಡದೆ, ಇನ್ನೊಬ್ಬಳ ಬೆರಳು ಬಿಡಿಸಿದ್ದನ್ನು ಉಳಿಸಬೇಕೆಂದು ಒಂದು ಕೈಗೆ ಅನ್ನಿಸುವುದಾದರೂ ಹೇಗೆ?

ನಿಸ್ವಾರ್ಥ ಎಂಬುದನ್ನು ಹಟ ಹಿಡಿದು ಸಾಧಿಸಲು ಹೊರಟವರ ಕಷ್ಟ ಎಲ್ಲರಿಗೂ ಗೊತ್ತು. ನಾನು ಎಂಬುದನ್ನು ಮುಂಬಾಗಿಲಿನಿಂದ ಹೊರಗೆ ಕಳಿಸಿದರೆ ಅದು ಹಿತ್ತಲ ಬಾಗಿಲಿನಿಂದ, ಈ ಸಲ ಹಣೆಗೆ ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ದಾನದ ರಸೀದಿ ಹಿಡಿದುಕೊಂಡು ಒಳಗೆ ಬರುತ್ತದೆ. ಅದನ್ನು ದಬ್ಬುವ ಕೈಯೂ ಅದರದೇ. ಆದರೆ ಕಣ್ಣು ಪೂರ್ತಿಯಾಗಿ ಒಂದು ಸಣ್ಣ ವಸ್ತುವಿನ ಮೇಲೆ, ಒಂದು ಎಳೆಯ ಮೇಲೆ, ಒಂದು ಬೇರಿನ ಮೇಲೆ, ಅಕ್ಕರೆಯಿಂದ ನಿಂತಾಗ ಈ ನಾನು ಎಂಬುದು ಯಾರಿಗೂ ಹೇಳದೆ ಎದ್ದು ಹೋಗಿಬಿಟ್ಟಿರುತ್ತದೆ. ಎಷ್ಟು ಹೊತ್ತಿಗೆ ಹೋಯಿತು, ಯಾವ ದಾರಿಯಲ್ಲಿ ಹೋಯಿತು, ತಿಳಿಯುವುದಿಲ್ಲ.

ಪೊರಕೆಯ ಸದ್ದು ಕೇಳಿದಾಗಲೆಲ್ಲ ನನ್ನ ಮನಸ್ಸು ಲಾಲ್‌ಬಾಗಿನ ಆಚೆ ಬದಿಗೆ, ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಆಶ್ರಮದ ಕಡೆಗೆ ಹೋಗುವುದು ರಾಮಕೃಷ್ಣರ ಮಡದಿ ಶಾರದಾದೇವಿಯವರ ಒಂದು ಸಣ್ಣ ಸಂಗತಿಯಿಂದಾಗಿ. ಅವರ ಮನೆಯಲ್ಲಿ ಯಾರೋ ಅಂಗಳ ಗುಡಿಸಿ ಮುಗಿಸಿ ಪೊರಕೆಯನ್ನು ಮೂಲೆಗೆ ಎಸೆದರಂತೆ. ಗುಡಿಸುವಾಗ ಇದ್ದ ಶ್ರದ್ಧೆ ಪೊರಕೆಯನ್ನು ಇಡುವಾಗಲೂ ಇರಬೇಕು, ಅದೂ ಈ ಮನೆಯದೇ, ಅದಕ್ಕೆ ಸಲ್ಲುವ ಮರ್ಯಾದೆಯನ್ನು ಅದಕ್ಕೆ ಕೊಡಬೇಕು ಎಂದು ಅವರು ತಿದ್ದಿದರೆಂದು ಹೇಳುತ್ತಾರೆ. ದಕ್ಷಿಣೇಶ್ವರದಲ್ಲಿ ನಹಬತ್ತು ಎಂಬ ವಾದ್ಯಗೋಪುರದ ಕೆಳಗಿನ ಇಕ್ಕಟ್ಟಾದ ಕೋಣೆಯಲ್ಲಿ, ಬೆಳಕು ಹರಿಯುವ ಮುಂಚೆಯೇ ಎದ್ದು, ಬಂದುಹೋಗುವವರಿಗೆಲ್ಲ ಅಡುಗೆ ಮಾಡಿ, ತರಕಾರಿ ಹೆಚ್ಚಿ, ವೀಳ್ಯ ಮಡಿಚಿ, ವರ್ಷಗಳನ್ನೇ ಕಳೆದವರು ಅವರು. ಅಲ್ಲಿದ್ದಾರೆಂದು ಕೇಳಿದ್ದೇವೆ, ಕಂಡಿಲ್ಲ ಎಂದು ದೇವಸ್ಥಾನದ ಖಜಾಂಚಿಯೇ ಹೇಳುವಷ್ಟು ಮರೆಯಲ್ಲಿ. ಆ ಕೋಣೆಯ ಕತ್ತಲನ್ನು ನೆನೆದರೆ ನನಗೆ ಬೀಜವೊಂದು ಮಣ್ಣೊಳಗಿರುವ ಕತ್ತಲು ನೆನಪಾಗುತ್ತದೆ.

1911ರಲ್ಲಿ, ದಕ್ಷಿಣದ ಯಾತ್ರೆಯ ಕೊನೆಯಲ್ಲಿ, ಅವರು ಬೆಂಗಳೂರಿಗೂ ಬಂದರು. ಬಸವನಗುಡಿಯ ಆಶ್ರಮ ಸ್ವಾಮಿ ಬ್ರಹ್ಮಾನಂದರಿಂದ ಬಾಗಿಲು ತೆರೆದು ಆಗಿನ್ನೂ ಎರಡು ವರ್ಷ. ಸುತ್ತ ಬಯಲು, ಬಂಡೆ, ಗಾಳಿ. ಒಂದು ದಿನ ಗವಿಪುರದ ಗಂಗಾಧರೇಶ್ವರನನ್ನು ನೋಡಿಕೊಂಡು ಬರುವ ಹೊತ್ತಿಗೆ ಆಶ್ರಮದ ಅಂಗಳ ಜನದಿಂದ ತುಂಬಿಹೋಗಿತ್ತು. ಅವರನ್ನು ಕಂಡೊಡನೆ ಇಡೀ ಜನ ನೆಲಕ್ಕೆ ಬಾಗಿತು. ಅವರು ಬಲಗೈ ಎತ್ತಿ, ಅಲುಗದೆ, ಬಹಳ ಹೊತ್ತು ನಿಂತೇ ಇದ್ದರು. ಒಳಗೆ ಬಂದ ಮೇಲೆ, ಇವರ ಭಾಷೆ ನನಗೆ ಬರುವುದಿಲ್ಲವಲ್ಲ, ಬಂದಿದ್ದರೆ ಎರಡು ಮಾತಾಡಬಹುದಿತ್ತು ಎಂದು ಹಳಹಳಿಸಿದರಂತೆ. ಅದನ್ನು ಜನರಿಗೆ ತಿಳಿಸಿದಾಗ, ಮಾತೇನೂ ಬೇಡ, ನಮಗೆ ತುಂಬಿ ಬಂದಿದೆ ಎಂದು ಹೇಳಿ ಕಳಿಸಿದರಂತೆ. ಕನ್ನಡ ಬಾರದ ಬಂಗಾಳದ ಹಳ್ಳಿಯ ಹೆಂಗಸು, ಬಂಗಾಳಿ ಬಾರದ ಬೆಂಗಳೂರಿನ ಜನ, ನಡುವೆ ಮಲ್ಲಿಗೆ, ಸಂಪಿಗೆ, ಬೇಸಗೆಯ ಬೆಳಕು. ಅವರೇನು ಕೊಟ್ಟರು, ಇವರೇನು ಪಡೆದರು ಎಂದು ಲೆಕ್ಕ ಕೇಳಿದರೆ ತೋರಿಸಲು ಒಂದು ಚಿಟಿಕೆ ಕುಂಕುಮವೂ ಉಳಿದಿಲ್ಲ.

ಉಳಿದದ್ದು ಒಂದು ಬಂಡೆ. ಆಶ್ರಮದ ಹಿಂಬದಿಯ ಆ ಬಂಡೆಯ ಮೇಲೆ ಒಂದು ಸಂಜೆ ಅವರು ಹತ್ತಿ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು. ಸುದ್ದಿ ತಿಳಿದ ಸ್ವಾಮಿ ರಾಮಕೃಷ್ಣಾನಂದರು ಏದುಸಿರು ಬಿಡುತ್ತ ಹತ್ತಿ ಬಂದು, ಅವರ ಪಾದದಲ್ಲಿ ತಲೆಯಿಟ್ಟು ದೇವಿಯ ಸ್ತುತಿ ಹೇಳತೊಡಗಿದರು. ಈ ಭಾರದ ದೇಹದ, ಮಗುವಿನ ಮನಸ್ಸಿನ ಸಂನ್ಯಾಸಿಯ ಬದುಕೇ ಒಂದು ದೀರ್ಘ ಉಪಚಾರ. ಗುರು ರಾಮಕೃಷ್ಣರು ಹೋದ ಮೇಲೆ ಸೋದರ ಸಂನ್ಯಾಸಿಗಳೆಲ್ಲ ಹಿಮಾಲಯ, ಕಾಶಿ ಎಂದು ಹೊರಟಾಗ ಇವರು ಬಾರಾನಗರದ ಮಠ ಬಿಟ್ಟು ಕದಲಲಿಲ್ಲ. ಅವರು ಧ್ಯಾನಕ್ಕೆ ಕೂತರೆ ಇವರು ಅನ್ನ ಬೇಯಿಸಿದರು, ಊಟದ ಹೊತ್ತು ಮೀರಿದರೆ ಧ್ಯಾನದಿಂದ ಎಳೆದು ತಂದು ಉಣ್ಣಿಸಿದರು. 1897ರಲ್ಲಿ ಮದರಾಸಿಗೆ ಬಂದ ಮೇಲೆ, ಸೆಕೆಯ ರಾತ್ರಿಗಳಲ್ಲಿ ನಡುವೆ ಎದ್ದು, ದೇವರ ಮನೆಯ ಬಾಗಿಲು ತೆರೆದು, ಗುರುವಿನ ಪಟಕ್ಕೆ ಬೀಸಣಿಗೆ ಬೀಸುತ್ತ ನಿಲ್ಲುತ್ತಿದ್ದರಂತೆ. ಪಟಕ್ಕೆ ಸೆಕೆಯೇ ಎಂದು ಕೇಳುವುದು ಸುಲಭ. ಆ ಕತ್ತಲಲ್ಲಿ ತಾಳೆಗರಿಯ ಬೀಸಣಿಗೆ ಎಬ್ಬಿಸಿದ ಗಾಳಿ, ಬೆವರಿದ ತೋಳು, ನಿದ್ದೆಯಿಲ್ಲದ ಕಣ್ಣು, ಯಾರೂ ಇಲ್ಲದಲ್ಲಿ ಯಾರಿಗೋ ತಂಪಾಗಲಿ ಎಂಬ ಆಸೆ, ಇಷ್ಟರ ಎದುರು ನನ್ನ ಪ್ರಶ್ನೆಗೆ ನಾಲಗೆ ಏಳುವುದಿಲ್ಲ. ಬೆಂಗಳೂರಿನ ಆಶ್ರಮದ ಬೇರು ಅವರ ಓಡಾಟದಲ್ಲಿದೆ. ಆ ಸಂಜೆಯ ಬಂಡೆಯಿಂದ ಇಳಿದ ಕೆಲವೇ ತಿಂಗಳಿಗೆ, ಅದೇ ವರ್ಷದ ಆಗಸ್ಟಿನಲ್ಲಿ, ಅವರು ತೀರಿಕೊಂಡರು.

ಬಂಡೆಯ ಮಾತು ಬಂದಿತು. ಅದು ಇಲ್ಲಿ ಎಲ್ಲಿ ನೋಡಿದರೂ ಇದೆ. ಮಾವಳ್ಳಿಯ ಪಕ್ಕದ ಲಾಲ್‌ಬಾಗಿನ ಗುಡ್ಡ, ಬ್ಯೂಗಲ್ ರಾಕ್, ಆಶ್ರಮದ ಬಂಡೆ, ದೊಡ್ಡ ಬಸವಣ್ಣನ ಬೆನ್ನು, ಗವಿಪುರದ ಗುಹೆ, ಎಲ್ಲವೂ ಒಂದೇ ಕಲ್ಲಿನ ಮೈ ಅಲ್ಲಲ್ಲಿ ನೆಲ ಸೀಳಿ ಮೇಲೆದ್ದದ್ದು. ಸುಮಾರು 300 ಕೋಟಿ ವರ್ಷ ಹಳೆಯದೆಂದು ಲಾಲ್‌ಬಾಗಿನ ಗುಡ್ಡದ ಬಳಿ ಭೂವಿಜ್ಞಾನಿಗಳು ಫಲಕ ನೆಟ್ಟಿದ್ದಾರೆ. ಮಧ್ಯಾಹ್ನದ ಬಿಸಿಲಲ್ಲಿ ಅಂಗೈ ಊರಿದರೆ ಬಿಸಿ ಮೊದಲು ಚರ್ಮಕ್ಕೆ, ಆಮೇಲೆ ಎಲುಬಿಗೆ ಇಳಿಯುತ್ತದೆ. ಅದರ ಮೇಲೆ ಕೆಂಪೇಗೌಡರ ಕಾಲದ ಗಡಿಗೋಪುರ, ಕಡಲೆಕಾಯಿ ಸಿಪ್ಪೆ, ಪ್ರೇಮಿಗಳು, ಗಾಳಿಪಟದ ಹುಡುಗರು. ಮುನ್ನೂರು ಕೋಟಿ ವರ್ಷಗಳಿಂದ ಮೇಲಿನದನ್ನೆಲ್ಲ ಹೊತ್ತುಕೊಂಡು, ಒಮ್ಮೆಯೂ ಮೈಮುರಿಯದ ಈ ಇರವಿಗೆ ಯಾವ ಹೆಸರಿಡಬೇಕೋ ತಿಳಿಯದೆ ನಾವು ನೆಲ ಎಂದು ಕರೆದು ಸುಮ್ಮನಾಗಿದ್ದೇವೆ.

ಇದೇ ಬುಲ್ ಟೆಂಪಲ್ ರಸ್ತೆಯಲ್ಲಿ, 1945ರಲ್ಲಿ ಶುರುವಾದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಹೊಸ್ತಿಲಲ್ಲಿ, ಕೋಟು, ಪಂಚೆಯ ಡಿ.ವಿ.ಜಿ. ನಿಂತಿದ್ದರೆಂದು ಊಹಿಸಿಕೊಳ್ಳುವುದು ನನಗಿಷ್ಟ. ಯಾರ ಕಣ್ಣಿಗೂ ಕಾಯದೆ ಕಾಡಿನಲ್ಲಿ ಅರಳಿ ಗಾಳಿಗೆ ಘಮ ಬೆರೆಸಿ ಉದುರಿಹೋಗುವ ಹೂವನ್ನು ಕುರಿತು ಅವರು ಬರೆದ ಪ್ರಾರ್ಥನೆಯನ್ನು ಕನ್ನಡದ ಎಷ್ಟೋ ಮಕ್ಕಳು ಶಾಲೆಯಲ್ಲಿ ಸಾಲಾಗಿ ನಿಂತು ಹಾಡಿದ್ದಾರೆ, ಅರ್ಥ ಗೊತ್ತಾಗುವ ವಯಸ್ಸಿಗೆ ಮರೆತಿದ್ದಾರೆ. ಬರೆದವರು ಮರೆಯಲಿಲ್ಲ. 1970ರಲ್ಲಿ ನಾಡು ಅವರಿಗೆ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದಾಗ ಅದನ್ನು ಅಷ್ಟೂ ಸಂಸ್ಥೆಗೇ ಕೊಟ್ಟುಬಿಟ್ಟರು. ಸರ್ಕಾರದ ಕೆಲಸಗಳಿಗೆಂದು ಬಂದ ಚೆಕ್ಕುಗಳು ನಗದಾಗದೆ ಅವರ ಪೆಟ್ಟಿಗೆಯಲ್ಲೇ ಇದ್ದವೆಂದು ಹಿರಿಯರು ಹೇಳುತ್ತಿದ್ದರು. ಮನೆಯಲ್ಲಿ ಬಡತನವಿತ್ತು ಎಂಬುದನ್ನು ಹೇಳದೆ ಈ ಕತೆ ಹೇಳುವುದು ತಪ್ಪಾಗುತ್ತದೆ. ಪೆಟ್ಟಿಗೆಯೊಳಗಿನ ಆ ಕಾಗದಗಳು ಹಳದಿಯಾಗುತ್ತ, ಮುದುರುತ್ತ, ತಮ್ಮ ಬೆಲೆಯನ್ನು ತಾವೇ ಮರೆಯುತ್ತ ಇದ್ದ ಆ ವರ್ಷಗಳನ್ನು ಯೋಚಿಸುತ್ತೇನೆ.

ಮಾವಳ್ಳಿಯಿಂದ ಲಾಲ್‌ಬಾಗಿನ ಗೋಡೆಗುಂಟ ನಡೆದರೆ ಕೃಂಬಿಗಲ್ ರಸ್ತೆ. ಕೃಂಬಿಗಲ್ ಜರ್ಮನಿಯವರು; ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, ಬರೋಡದಲ್ಲಿ ದುಡಿದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಲಾಲ್‌ಬಾಗನ್ನು ನೋಡಿಕೊಂಡು, 1956ರಲ್ಲಿ ಇಲ್ಲೇ ಮಣ್ಣಾದರು. ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಮೊಗ್ಗಿಡುವಂತೆ, ವರ್ಷವಿಡೀ ಊರಿನ ಮೇಲೆ ಎಲ್ಲಾದರೂ ಒಂದು ಬಣ್ಣ ಇದ್ದೇ ಇರುವಂತೆ ಬೀದಿಮರಗಳನ್ನು ಆಯ್ದ ಕನಸು ಅವರದು. ಅವರ ಬಳಿಕ, 1980ರ ದಶಕದಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಊರಿನ ತುಂಬ ಲಕ್ಷಗಟ್ಟಲೆ ಸಸಿ ನೆಡಿಸಿದರು. ಈಗ ಆಕಾಶಮಲ್ಲಿಗೆ ಮುಗಿಯುವಾಗ ತಬೆಬುಯಾ ಎಲೆಯೇ ಇಲ್ಲದೆ ಗುಲಾಬಿಯಾಗುತ್ತದೆ, ಅದು ಕಳಚುವಾಗ ಜಕರಂಡದ ನೇರಳೆ, ಹೊಂಗೆಯ ಎಳೆಹಸಿರು, ಆಮೇಲೆ ಗುಲ್‌ಮೊಹರಿನ ಕೆಂಪು ಮಳೆಗಾಲದ ಬಾಗಿಲವರೆಗೆ. ಹೂ ನೋಡಿ ಫೋಟೊ ತೆಗೆಯುವವರಿಗೆ ನೆಟ್ಟವರ ಹೆಸರು ಬೇಕಾಗಿಲ್ಲ, ಹೂವಿಗೆ ಮೊದಲೇ ಬೇಕಾಗಿಲ್ಲ. ಲಾಲ್‌ಬಾಗಿನೊಳಗಿನ ಹಳೆಯ ಕೃಂಬಿಗಲ್ ಹಾಲ್ 2017ರಲ್ಲಿ ನೆಲಸಮವಾಯಿತು. ಮರಗಳು ಆ ವರ್ಷವೂ ಸರದಿ ತಪ್ಪಲಿಲ್ಲ.

ಸಸಿ ಗುರುತಿಸಿದವರು ಅವರಾದರೆ, ಮಣ್ಣಿಗೆ ಬಗ್ಗಿದ ಬೆನ್ನುಗಳು ಬೇರೆ. ಬೆಂಗಳೂರಿನ ತೋಟಗಾರಿಕೆಯ ಬೆವರಿನಲ್ಲಿ ತಿಗಳರ ಪಾಲು ದೊಡ್ಡದು. ಹೂವು, ಸೊಪ್ಪು, ತರಕಾರಿ ಬೆಳೆದು ಪೇಟೆಗೆ ಉಣ್ಣಿಸಿದ ಜನ. ಚೈತ್ರದ ಹುಣ್ಣಿಮೆಯ ರಾತ್ರಿ ಅವರಲ್ಲೇ ಒಬ್ಬರು ಸೀರೆಯುಟ್ಟು, ಬಳೆ ತೊಟ್ಟು, ಮಲ್ಲಿಗೆಯ ಗೋಪುರವಾದ ಕರಗವನ್ನು ಕೈ ತಾಕಿಸದೆ ತಲೆಯ ಮೇಲೆ ಹೊತ್ತು ಧರ್ಮರಾಯನ ಗುಡಿಯಿಂದ ಹೊರಬರುತ್ತಾರೆ. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತಾರೆ. ಆ ರಾತ್ರಿ ಬೀದಿಯಲ್ಲಿ ನಡೆಯುವುದು ಅವರಲ್ಲ, ದ್ರೌಪದಿ. ವರ್ಷವಿಡೀ ಗುದ್ದಲಿ ಹಿಡಿದ ಮೈಗಳಿಗೆ ತನ್ನನ್ನು ಬಿಟ್ಟುಕೊಡುವ ಈ ವಿದ್ಯೆಯನ್ನು ಯಾರು ಕಲಿಸಿದರು, ಮಣ್ಣೇ ಕಲಿಸಿತೇ?

ಲಾಲ್‌ಬಾಗಿನಲ್ಲಿ ಬೆಳಗಿನ ವಾಕಿಂಗಿನವರೆಲ್ಲ ಚದುರಿ, ಬಿಸಿಲು ಗಾಜಿನಮನೆಯ ನೆತ್ತಿಗೆ ಏರುವ ಹೊತ್ತಿನಲ್ಲಿ, ಬೂರುಗದ ದೊಡ್ಡ ಮರದ ಬಳಿ ನಿಂತಿದ್ದೆ. ಗೋಡೆಗಳಾಗಿ ನಿಂತ ಅದರ ಬೇರುಗಳ ಸಂದಿಯಲ್ಲಿ ನೆರಳೂ ತಂಪೂ ಬೇರೆಯೇ ಬಣ್ಣದವು. ತಲೆಯೆತ್ತಿ ನೋಡುತ್ತ ನೋಡುತ್ತ ಕೊಂಬೆಗಳ ನಡುವೆ ಎಲ್ಲೋ ನನ್ನ ಕಣ್ಣು ದಾರಿ ತಪ್ಪಿತ್ತು. ಸ್ವಲ್ಪ ದೂರದಲ್ಲಿ ವಯಸ್ಸಾದ ಮಾಲಿಯೊಬ್ಬರು ಹೊಸ ಸಸಿಗಳ ಪಾತಿಗೆ ನೀರು ಬಿಡುತ್ತಿದ್ದರು. ಇದನ್ನು ಯಾರು ನೆಟ್ಟದ್ದು ಯಜಮಾನ್ರೇ ಎಂದು ಕೇಳಿದೆ, ದೊಡ್ಡ ಉತ್ತರವೊಂದು ಬರಬಹುದೆಂಬ ಆಸೆಯಿಂದ. ಅವರು ತಲೆ ಎತ್ತಲಿಲ್ಲ.

"ಯಾರ್ ನೆಟ್ಟಿದ್ರೋ ಏನೋ ಸಾರ್, ನಾನ್ ಬರೋ ಹೊತ್ಗೇ ಇಷ್ಟ್ ಎತ್ರ ಇತ್ತು. ಸೊಲ್ಪ ಕಾಲ್ ತಗೀರಿ, ಪೈಪ್ ಮೇಲ್ ನಿಂತಿದ್ದೀರ. ಗಿಡಕ್ಕೆ ನೀರ್ ಹೋಗ್ತಾ ಇಲ್ಲ."