ಸೋತವನ ಬೆನ್ನಿನ ಮಣ್ಣು

ಇಬ್ಬರು ಸೆಣಸಾಡೋದನ್ನ ಮೂರನೆಯವನು ಆರಾಮಾಗಿ ಕೂತು ನೋಡಿ ಖುಷಿಪಡೋದು ಸರಿಯಾ? ಇದೆಂಥಾ ಪ್ರಶ್ನೆ ಅಂತ ನಗಬಹುದು ನೀವು. ಆದರೆ ದಸರಾ ದಿನಗಳಲ್ಲಿ ಒಮ್ಮೆ ಮೈಸೂರಿನ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣಕ್ಕೆ ಹೋಗಿ ಕುಸ್ತಿ ನೋಡಿ. ಪ್ರಶ್ನೆ ತಾನಾಗೇ ಬಂದು ಪಕ್ಕದಲ್ಲಿ ಕೂರುತ್ತೆ.

ನಾನು ಹೋದ ದಿನ ಮೊದಲು ಚಿಕ್ಕ ಹುಡುಗರ ಜೋಡಿಗಳು, ಆಮೇಲೆ ದೊಡ್ಡವರವು. ನಾಡಕುಸ್ತಿಯ ಲೆಕ್ಕ ಸುಲಭ. ಮ್ಯಾಟ್ ಮೇಲಿನ ಹಾಗೆ ಪಾಯಿಂಟ್ ಕೂಡಿಸುವ ಗೊಡವೆಯಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಬೇಕು, ಚಿತ್ ಮಾಡಬೇಕು. ಆ ಕ್ಷಣ ಬಂದಾಗ ಇಡೀ ಗ್ಯಾಲರಿ ಎದ್ದು ನಿಲ್ಲುತ್ತೆ. ಗೆದ್ದವನನ್ನ ಗರಡಿಯ ಗೆಳೆಯರು ಹೆಗಲ ಮೇಲೆ ಹೊತ್ತು ಕುಣೀತಾರೆ. ನಾನೂ ಮೊಬೈಲ್ ಹಿಡಿದು ಆ ಕಡೆಗೇ ತಿರುಗಿದ್ದೆ. ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರು, 'ಗೆದ್ದೋನ್ನ ಎಲ್ಲಾರೂ ನೋಡ್ತಾರೆ ಬುಡಪ್ಪ. ಸೋತೋನು ಹೆಂಗೆ ಎದ್ದ ನೋಡು' ಅಂದರು.

ನೋಡಿದೆ. ಇಪ್ಪತ್ತರ ಆಸುಪಾಸಿನ ಹುಡುಗ. ಎದ್ದ, ಮಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡ, ಉಸ್ತಾದರ ಕಾಲಿಗೆ ನಮಸ್ಕಾರ ಮಾಡಿದ, ಹೊರಟ. ಬೆನ್ನ ತುಂಬಾ ಕೆಂಪು ಮಣ್ಣು. ಅವನಿಗೆ ಕಾಣದ, ನಮಗೆಲ್ಲಾ ಕಾಣುವ ಮಣ್ಣು.

'ಅವನೇ ಒಪ್ಪಿ ಬಂದಿದ್ದಾನಲ್ಲ, ಇದರಲ್ಲಿ ತಪ್ಪೇನಿದೆ?' ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಆದರೆ ಆ ಒಪ್ಪಿಗೆ ಇರೋದು ಇಬ್ಬರು ಪೈಲ್ವಾನರ ನಡುವೆ. ಗೆದ್ದವನೂ ಬೀಳುವ ಅಪಾಯ ಹೊತ್ತೇ ಮಟ್ಟಿಗೆ ಇಳಿದಿದ್ದ. ನಾನು ಏನನ್ನೂ ಪಣಕ್ಕಿಡದೆ ಕಡಲೆಕಾಯಿ ಬಿಡಿಸ್ತಾ ಕೂತಿದ್ದೆ. ಅವರಿಬ್ಬರ ಒಪ್ಪಂದದ ನೆರಳಲ್ಲಿ ನಾನು ನಿಂತುಕೊಳ್ಳೋಕಾಗಲ್ಲ.

ಹಾಗಾದರೆ ನೋಡೋದೇ ತಪ್ಪಾ? ನನಗೆ ಹಾಗನ್ನಿಸಲ್ಲ. ಯಾಕೆ ಅನ್ನೋದಕ್ಕೆ ಕುಸ್ತಿಯವರ ಭಾಷೆಯಲ್ಲೇ ಒಂದು ಸುಳಿವಿದೆ. ದಸರಾಕ್ಕೆ ಮುಂಚೆ ಇಲ್ಲಿ 'ಜೋಡಿ ಕಟ್ಟುವ' ಕಾರ್ಯಕ್ರಮ ನಡೆಯುತ್ತೆ. ತೂಕ, ವಯಸ್ಸು, ಅನುಭವ ನೋಡಿ ಯಾರಿಗೆ ಯಾರು ಅಂತ ಹಿರಿಯರು ಗೊತ್ತುಮಾಡ್ತಾರೆ. ಎತ್ತುಗಳಿಗೆ ಜೋಡಿ ಅಂತೀವಿ, ಗಂಡ ಹೆಂಡತಿಗೂ ಜೋಡಿ ಅಂತೀವಿ. ನಿಮ್ಮನ್ನ ಕೆಡವೋಕೆ ಬಂದವನಿಗೂ ಅದೇ ಪದ! ಅವನಿಲ್ಲದೆ ನಿಮ್ಮ ಆಟ ಇಲ್ಲ, ಅವನ ಬಲ ಎಷ್ಟೋ ನಿಮ್ಮ ಗೆಲುವಿನ ಬೆಲೆಯೂ ಅಷ್ಟೇ. ಜೋಡಿ ಸಮ ಇಲ್ಲದಿದ್ದರೆ ಅದು ಕುಸ್ತಿಯಲ್ಲ, ಬರೀ ಹೊಡೆತ.

ಇದಕ್ಕಿಂತ ಕಷ್ಟದ ಉದಾಹರಣೆ ಅರಮನೆಯಲ್ಲೇ ಇದೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನಚಾದ ಆಯುಧ ತೊಟ್ಟು ಎದುರುಬದುರಾಗ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗೀತು. ರಕ್ತ ನೋಡೋಕೆ ಜನ ಸೇರ್ತಾರಲ್ಲ ಅಂತ ಮೊದಲು ನನಗೂ ಇರಿಸುಮುರಿಸಾಗಿತ್ತು. ಆದರೆ ಯೋಚಿಸಿದಷ್ಟೂ ಆ ನಿಯಮದ ಮೇಲೆ ಗೌರವ ಬಂತು. ನೋಡುವವರಿಗೆ ಇನ್ನೂ ಬೇಕು ಅನ್ನಿಸಬಹುದು. ಆದರೆ 'ಇನ್ನೂ' ಅನ್ನುವ ಹಕ್ಕು ನೋಡುವವರಿಗಿಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನೋದು ಶುರುವಾಗೋಕೆ ಮೊದಲೇ ನಿಗದಿ. ಆ ನಿಯಮ ಜಟ್ಟಿಗಳನ್ನ ಕಾಪಾಡೋದು ಒಬ್ಬರಿಂದ ಇನ್ನೊಬ್ಬರನ್ನ ಮಾತ್ರ ಅಲ್ಲ, ನಮ್ಮಿಂದಲೂ.

ಮನೆಗೆ ಬಂದ ರಾತ್ರಿ ಜಪಾನಿನ ಸುಮೋ ವಿಡಿಯೋಗಳನ್ನ ನೋಡ್ತಾ ಕೂತೆ. ಅಲ್ಲಿ ತೂಕದ ವಿಭಾಗಗಳೇ ಇಲ್ಲ. ಪಾದ ಬಿಟ್ಟು ಬೇರೆ ಏನೇ ನೆಲಕ್ಕೆ ತಾಗಿದರೂ, ವೃತ್ತದಾಚೆ ಕಾಲಿಟ್ಟರೂ ಸೋಲು. ಎಷ್ಟೋ ಸಲ ಕೆಲವೇ ಸೆಕೆಂಡಿನ ಆಟ. ಮುಗಿದ ಮೇಲೆ ಇಬ್ಬರೂ ತಲೆಬಾಗಬೇಕು. ಗೆದ್ದವನು ಕುಣಿಯುವ ಹಾಗಿಲ್ಲ. 2009ರಲ್ಲಿ ಪಂದ್ಯಾವಳಿ ಗೆದ್ದ ಖುಷಿಗೆ ಎರಡೂ ಕೈ ಮೇಲೆತ್ತಿದ ಅಸಾಶೋರ್ಯು ಎಂಬ ಯೊಕೊಜುನ, ಅಂದರೆ ಅತ್ಯುನ್ನತ ದರ್ಜೆಯ ಮಲ್ಲ, ಟೀಕೆಗೆ ಗುರಿಯಾದರು. ಇಷ್ಟು ಶಿಸ್ತಿನ ಆಟದಲ್ಲೂ, ಕೆಳಗಿನ ದರ್ಜೆಯವನ ಕೈಲಿ ಯೊಕೊಜುನ ಸೋತರೆ ಪ್ರೇಕ್ಷಕರು ಕೂತ ದಿಂಬುಗಳನ್ನ ಎತ್ತಿ ಎಸೀತಾರೆ! ಮಲ್ಲರಿಗೆ ನಿಯಮ ಕಲಿಸಬಹುದು, ನೋಡುವವರಿಗೆ ಕಲಿಸೋದು ಕಷ್ಟ. ದೊಡ್ಡವರು ಬಿದ್ದಾಗ ಆಗುವ ಆ ಪುಳಕ ಇದೆಯಲ್ಲ, ಅದಕ್ಕೆ ಮೈಸೂರು, ಟೋಕಿಯೋ ಅನ್ನೋ ಭೇದ ಇಲ್ಲ.

ಇದು ಅಖಾಡದ ಮಾತು ಮಾತ್ರ ಅಲ್ಲ ಅನ್ನೋದು ನಿಮಗೂ ಗೊತ್ತು. ಪ್ರಮೋಷನ್ ಪಟ್ಟಿ ಬಂದ ದಿನ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಅಭಿನಂದನೆಗಳ ಸಾಲು. ಅದೇ ಹುದ್ದೆಗೆ ಅಷ್ಟೇ ದುಡಿದ ಇನ್ನೊಬ್ಬರು ಎರಡು ಡೆಸ್ಕ್ ಆಚೆ ಕೂತು ಅದೇ ಗ್ರೂಪಿಗೆ ಒಂದು ಚಪ್ಪಾಳೆ ಇಮೋಜಿ ಹಾಕ್ತಾರೆ. ಅಲ್ಲಿ ಜೋಡಿ ಸಮ ಇತ್ತಾ ಅಂತ ಯಾರೂ ಕೇಳಿರಲ್ಲ. ಎಷ್ಟಾದರೆ ಸಾಕು ಅಂತ ಯಾರೂ ಮೊದಲೇ ಹೇಳಿರಲ್ಲ.

ನನ್ನ ಉತ್ತರ ಇಷ್ಟು: ಜೋಡಿ ಸಮ ಇದ್ದು, ಎಲ್ಲಿ ನಿಲ್ಲಬೇಕು ಅನ್ನೋದು ಮೊದಲೇ ಗೊತ್ತಿದ್ದರೆ ನೋಡಿ ಖುಷಿಪಡೋದರಲ್ಲಿ ತಪ್ಪಿಲ್ಲ. ಆದರೆ ಆ ಎರಡನ್ನೂ ಮಾಡಿಕೊಡೋರು ಹಿರಿಯರು, ಉಸ್ತಾದರು. ನಮ್ಮ ಪಾಲಿಗೆ ಉಳಿಯೋದು ಒಂದೇ ಕೆಲಸ, ಕಣ್ಣಿನದು. ಮುಂದಿನ ದಸರೆಗೆ ಹೋದರೆ, ಫಲಿತಾಂಶ ಬಂದ ಮೇಲೂ ಒಂದು ನಿಮಿಷ ಮಟ್ಟಿಯಿಂದ ಕಣ್ಣು ತೆಗೀಬೇಡಿ. ಎದ್ದು ಹೋಗೋನಿಗೂ ಒಂದು ಚಪ್ಪಾಳೆ ತಟ್ಟಿ. ಅವನು ತಿರುಗಿ ನೋಡದೇ ಇರಬಹುದು. ಪರವಾಗಿಲ್ಲ.