ಕೋತಿಗೆ ಬಾಳೆಹಣ್ಣು ಕೊಟ್ಟರೆ ಪುಣ್ಯವೇ?



ಬೆಂಗಳೂರಿನಿಂದ ಸುಮಾರು 22 ಕಿ.ಮೀ. ದೂರದಲ್ಲಿ ಬನ್ನೇರುಘಟ್ಟ ಇದೆ. ಅಲ್ಲಿ ಶ್ರೀ ಚಂಪಕಧಾಮಸ್ವಾಮಿಯ ದೇವಸ್ಥಾನವೂ ಉಂಟು, 1974ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾದ ಕಾಡೂ ಉಂಟು. ಆನೆ, ಚಿರತೆ ಇರುವ ಕಾಡು. ಒಳಗೆ ನಡೆಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಭಾನುವಾರ ಬಂತೆಂದರೆ ಪಟ್ಟಣದವರು ಹಸಿರು ನೋಡುತ್ತಾ ನಡೆಯೋಣ ಅಂತ ಆ ಕಡೆ ಹೊರಡುತ್ತಾರೆ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಹಿಂದೆ ಕೋತಿಗಳ ಹಿಂಡು. "ಮೂಕ ಪ್ರಾಣಿ, ಹನುಮಂತನ ಕುಲ, ಕೊಟ್ರೆ ಪುಣ್ಯ ತಾನೇ?" ಅಂತಾರೆ. ಇದನ್ನು ಸ್ವಲ್ಪ ವಿಚಾರ ಮಾಡೋಣ.

ನಮ್ಮ ಈ ಕೋತಿ ದಕ್ಷಿಣ ಭಾರತದಲ್ಲಿ ಮಾತ್ರ ಇರುವ ಜಾತಿ. ಅತ್ತಿ, ಆಲದ ಹಣ್ಣು, ಚಿಗುರು, ಹುಳುಹುಪ್ಪಟೆ ಅದರ ಊಟ. ಹಣ್ಣನ್ನು ಗಲ್ಲದ ಚೀಲದಲ್ಲಿ ತುಂಬಿಕೊಂಡು ಹೋಗಿ ಬೇರೆ ಕಡೆ ಬೀಜ ಉಗುಳುತ್ತೆ, ಅಲ್ಲಿ ಸಸಿ ಏಳುತ್ತೆ. ಅದು ತಿನ್ನುವುದೇ ಕಾಡಿನ ಸೇವೆ. ರಸ್ತೆ ಬದಿಯ ಬಾಳೆಹಣ್ಣು, ಚಿಪ್ಸಿನ ರುಚಿ ಹತ್ತಿದರೆ ಆ ಸೇವೆ ಕಡಿಮೆಯಾಗುತ್ತೆ. ಭಯ ಹೋಗಿ ಕೈಯಿಂದ ಕಿತ್ತುಕೊಳ್ಳುತ್ತೆ, ಕಾರಿನ ಗಾಲಿಗೆ ಸಿಗುತ್ತೆ. ಮಗುವನ್ನು ಕಚ್ಚಿದರೆ ದೂರು, ಬೋನು, ಗುರುತಿಲ್ಲದ ಕಾಡಿಗೆ ಸಾಗಣೆ. ಪುಣ್ಯ ಬಂತು ಅಂತ ನಾವು ಮನೆ ಸೇರಿರುತ್ತೇವೆ; ಶಿಕ್ಷೆ ಕೋತಿಗೆ.

"ಹಾಗಾದರೆ ನಮ್ಮ ಹಿರಿಯರು ಕೊಟ್ಟದ್ದು ತಪ್ಪೇ?" ಅಂತ ಕೇಳಬಹುದು. ಆಗ ಜಾತ್ರೆಗೊಮ್ಮೆ ಜನ ಸೇರುತ್ತಿದ್ದರು, ಮಿಕ್ಕ ದಿನ ಕೋತಿ ಕಾಡಿನ ಪಾಲು. ಈಗ ದಿನಾ ಜಾತ್ರೆ. ದಾನಕ್ಕೆ ದೇಶ, ಕಾಲ, ಪಾತ್ರ ನೋಡಬೇಕೆಂದು ಗೀತೆಯ 17ನೇ ಅಧ್ಯಾಯದಲ್ಲೇ ಇದೆ. ಕಾಲ ಬದಲಾದ ಮೇಲೆ ಕೊಡುವ ರೀತಿಯೂ ಬದಲಾಗಬೇಕು.

"ರೂಢಿಯಾದ ಕೋತಿಗೆ ಒಮ್ಮೆಲೇ ನಿಲ್ಲಿಸಿದರೆ?" ಇದೂ ನ್ಯಾಯವಾದ ಮಾತೇ. ಕೆಲವು ದಿನ ಅದು ಕಾಟ ಕೊಡಬಹುದು, ಅದರ ಮುಖ ನೋಡಿ ನಮಗೂ ಸಂಕಟವಾಗಬಹುದು. ಬೇಡುವ ಚಾಳಿ ಕಲಿಸಿದವರು ನಾವೇ ಆದ್ದರಿಂದ ಆ ಸಂಕಟ ನಾವೇ ತಡೆದುಕೊಳ್ಳಬೇಕು. ಕೊಟ್ಟಾಗ ಆಗುವ ಸಂತೋಷ ಸುಳ್ಳಲ್ಲ. ಆದರೆ ಪಡೆದ ಜೀವಕ್ಕೆ ನಾಳೆ ಏನಾಗುತ್ತೆ ಅಂತ ಕೇಳದ ದಾನ ನಮ್ಮ ಸಂತೋಷಕ್ಕೆ ಮಾತ್ರ ಆಯಿತು.

ಆದಕಾರಣ ಕಾಡುದಾರಿಯಲ್ಲಿ ನಡೆಯುವವರು ತಿಂಡಿಯನ್ನು ಚೀಲದೊಳಗೇ ಇಡಿ, ಸಿಪ್ಪೆಯನ್ನೂ ವಾಪಸ್ ತನ್ನಿ. ಕೊಡುವ ಮನಸ್ಸಿದ್ದರೆ ಹಸಿದ ಮನುಷ್ಯರಿಗೆ ಕೊಡಿ. ಮಗು ಹಟ ಮಾಡಿದರೆ ಹಣ್ಣು ಬಿಟ್ಟ ಅತ್ತಿಮರ ತೋರಿಸಿ, "ನೋಡು ಕಂದ, ಅದರ ಊಟ ಅಲ್ಲಿದೆ" ಅನ್ನಿ.

ಸರ್ವರಿಗೂ ಶುಭವಾಗಲಿ.